ಕಾಡುಹಂದಿಯೋ, ಪಂಜುರ್ಲಿಯೋ: ಮುಂಬಯಿಯ ಒಂದು ಕನ್ನಡ ಗುಂಪಿನ ಜಗಳ

ಮುಂಬಯಿ, ಠಾಣೆ, ನವಿ ಮುಂಬಯಿ ಕಡೆಯ ಕೆಲವು ಕನ್ನಡಿಗರು ಟೆಲಿಗ್ರಾಂನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಪುಣೆಯವರು ನಾಲ್ಕೈದು ಜನ, ಗೋವಾದ ವಾಸ್ಕೋ ಕಡೆಯವರು ಒಬ್ಬಿಬ್ಬರು. ಎಲ್ಲ ಸೇರಿ ಮೂವತ್ತು ನಲವತ್ತು ಮಂದಿ. ತಮ್ಮ ಒಳಗಿರುವುದು ಮನುಷ್ಯನಲ್ಲ, ಒಂದು ಪ್ರಾಣಿ ಎಂದು ಅನ್ನಿಸುವವರು ಇವರು. ಒಬ್ಬರಿಗೆ ತೋಳ, ಒಬ್ಬರಿಗೆ ಚಿರತೆ, ಇನ್ನೊಬ್ಬರಿಗೆ ಗೂಬೆ. ತಮ್ಮ ದೇಹ ಮನುಷ್ಯನದ್ದೇ ಎಂಬುದು ಇವರಿಗೆ ಚೆನ್ನಾಗಿ ಗೊತ್ತು. ಲೋಕಲ್ ಟ್ರೇನ್ ಹಿಡಿದು ಕೆಲಸಕ್ಕೆ ಹೋಗುತ್ತಾರೆ, ಮನೆ ನಡೆಸುತ್ತಾರೆ, ಇಎಂಐ ಕಟ್ಟುತ್ತಾರೆ. ಆದರೆ ಚಿಕ್ಕಂದಿನಿಂದ ಒಳಗೊಳಗೇ ಬಂದ ಒಂದು ಅನ್ನಿಸಿಕೆ ಬಿಟ್ಟುಹೋಗುವುದಿಲ್ಲ. ಇಂಥವರನ್ನು ಜಗತ್ತಿನ ಬೇರೆ ಕಡೆ ಥೇರಿಯನ್ ಅನ್ನುತ್ತಾರೆ. ಇವರೂ ಅದೇ ಹೆಸರು ಇಟ್ಟುಕೊಂಡಿದ್ದರು.

ಗುಂಪುಗಳ ಒಳಜಗಳ ಬಗೆಹರಿಸುವುದು ನನ್ನ ಕೆಲಸ. ಹೌಸಿಂಗ್ ಸೊಸೈಟಿ, ಭಜನಾ ಮಂಡಳಿ, ಹಳೆ ವಿದ್ಯಾರ್ಥಿಗಳ ಸಂಘ, ಹೀಗೆ ಎಲ್ಲಿ ಮಾತು ನಿಂತುಹೋಗಿದೆಯೋ ಅಲ್ಲಿಗೆ ಕರೆಯುತ್ತಾರೆ. ಈ ಗುಂಪಿನ ಇಬ್ಬರು ಅಡ್ಮಿನ್‌ಗಳಲ್ಲಿ ಒಬ್ಬರು ನನ್ನನ್ನು ಕರೆದಾಗ ಗುಂಪು ಅರ್ಧ ಖಾಲಿಯಾಗಿತ್ತು. ಇಲ್ಲಿ ಯಾರ ಹೆಸರೂ ಇಲ್ಲ. ಊರು, ಕೆಲಸ, ವಯಸ್ಸು ಕೆಲವೆಡೆ ಬದಲಾಗಿವೆ, ಒಂದೆರಡು ಕಡೆ ಪ್ರಾಣಿಯೂ ಬದಲಾಗಿದೆ. ಸಂಬಂಧಪಟ್ಟವರು ಓದಿ ಒಪ್ಪಿದ ಮೇಲೆಯೇ ಇದನ್ನು ಹೊರಗೆ ಬಿಡುತ್ತಿದ್ದೇನೆ.

ಹಿನ್ನೆಲೆ

ಈ ಸಮುದಾಯ ಆನ್‌ಲೈನಿನಲ್ಲೇ ಹುಟ್ಟಿದ್ದು. 1992ರಲ್ಲಿ ಯೂಸ್‌ನೆಟ್ ಎಂಬ ಹಳೆಯ ಇಂಟರ್ನೆಟ್ ಚರ್ಚಾ ಜಾಲದಲ್ಲಿ ತೋಳಮಾನವರ ಭಯಾನಕ ಕಥೆಗಳ ಚರ್ಚೆಗೆ ಒಂದು ಗುಂಪು ಶುರುವಾಯಿತು. ಕಥೆಗಾಗಿ ಬಂದವರಲ್ಲಿ ಕೆಲವರು, ‘ನನಗೆ ಇದು ಬರೀ ಕಥೆಯಲ್ಲ, ನನ್ನೊಳಗೂ ಹೀಗೇ ಆಗುತ್ತದೆ’ ಎಂದು ಬರೆಯತೊಡಗಿದರು. ಅಲ್ಲಿಂದ ಒಂದು ಸಮುದಾಯವೇ ಬೆಳೆಯಿತು. ತಾನು ಯಾವ ಪ್ರಾಣಿಯೋ ಅದಕ್ಕೆ ಥೇರಿಯೋಟೈಪ್ ಎನ್ನುತ್ತಾರೆ. ಆ ಪ್ರಾಣಿಯ ಮನಸ್ಥಿತಿ ಜೋರಾಗಿ ಮೇಲೆ ಬರುವುದಕ್ಕೆ ಶಿಫ್ಟ್ ಎನ್ನುತ್ತಾರೆ. ಇಲ್ಲದ ಬಾಲ, ಇಲ್ಲದ ಕಿವಿ ಇದ್ದಂತೆ ಅನ್ನಿಸುವುದು ಫ್ಯಾಂಟಮ್ ಶಿಫ್ಟ್. ಸದಸ್ಯರು ಒಂದೆಡೆ ಸೇರಿ ಭೇಟಿಯಾದರೆ ಅದು ಹೌಲ್. ಪ್ರಾಣಿಯಂತೆ ವೇಷ ಹಾಕಿ ಕಲೆಯಾಗಿ ಆನಂದಿಸುವ ಫರ್ರಿಗಳು ಬೇರೆ, ಇವರು ಬೇರೆ. ತನ್ನ ದೇಹವೇ ಪ್ರಾಣಿಯಾಗಿದೆ ಎಂಬ ಭ್ರಮೆಯಿಂದ ನರಳುವ ಅಪರೂಪದ ಕಾಯಿಲೆಯೊಂದಿದೆ, ಕ್ಲಿನಿಕಲ್ ಲೈಕಾಂಥ್ರಪಿ. ಅದೂ ಇವರದ್ದಲ್ಲ.

ಕಾರಣದ ಬಗ್ಗೆ ಮೊದಲಿನಿಂದಲೂ ಎರಡು ಗುಂಪುಗಳಿವೆ. ಇದು ಆತ್ಮದ ವಿಷಯ, ಹಿಂದಿನ ಜನ್ಮದ್ದು ಎನ್ನುವವರು ಒಂದು ಕಡೆ. ಇದು ಮೆದುಳಿನದ್ದು, ಮನಸ್ಸು ಬೆಳೆದ ರೀತಿಯದ್ದು ಎನ್ನುವವರು ಇನ್ನೊಂದು ಕಡೆ. ಮುಂಬಯಿಯ ಗುಂಪಿನಲ್ಲಿ ಮೊದಲನೆಯವರೇ ಜಾಸ್ತಿ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎಂಬತ್ತನಾಲ್ಕು ಲಕ್ಷ ಯೋನಿಗಳ ಮಾತು ಕೇಳಿ ಬೆಳೆದವರಿಗೆ, ಜಿಂಕೆಮರಿಯನ್ನೇ ನೆನೆಯುತ್ತ ಪ್ರಾಣ ಬಿಟ್ಟು ಜಿಂಕೆಯಾಗಿ ಹುಟ್ಟಿದ ಜಡಭರತನ ಕಥೆ ಗೊತ್ತಿದ್ದವರಿಗೆ, ಮನುಷ್ಯ ಮತ್ತು ಪ್ರಾಣಿಯ ನಡುವಿನ ಗೋಡೆ ಅಷ್ಟೇನೂ ಗಟ್ಟಿ ಅನ್ನಿಸುವುದಿಲ್ಲ.

ಕನ್ನಡದಲ್ಲೇ ಗುಂಪು ಬೇಕು ಅನ್ನಿಸಿದ್ದಕ್ಕೂ ಇದೇ ಕಾರಣ. ಇಂಗ್ಲಿಷ್ ಗುಂಪುಗಳಲ್ಲಿ ಜಡಭರತನನ್ನು ಮೊದಲಿನಿಂದ ವಿವರಿಸಬೇಕಿತ್ತು. ತುಳುನಾಡಿನ ದೈವಾರಾಧನೆಯಾದ ಭೂತಕೋಲ ಅಂದರೆ ಏನು, ಹುಲಿಯ ದೈವ ಪಿಲಿಚಾಮುಂಡಿ ಯಾರು, ಅಷ್ಟಮಿಗೆ ಹುಲಿವೇಷ ಹಾಕುವವರು ಯಾಕೆ ಹಾಕುತ್ತಾರೆ, ಎಲ್ಲವನ್ನೂ ಹೇಳಿಕೊಡಬೇಕಿತ್ತು. ಸದಸ್ಯರಲ್ಲಿ ಹೆಚ್ಚಿನವರು ಉಡುಪಿ, ದಕ್ಷಿಣ ಕನ್ನಡ ಮೂಲದವರು. ಅಪ್ಪನೋ ಅಜ್ಜನೋ ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದ ಮನೆಗಳು. ಗುಂಪಿನ ಮಾತು ಅರ್ಧ ಕನ್ನಡ, ಅರ್ಧ ತುಳು, ನಡುವೆ ಮರಾಠಿ. ತಮ್ಮ ಭಾಷೆಯಲ್ಲಿ ಮೊದಲ ಸಲ ಇದನ್ನು ಹೇಳಿಕೊಂಡಾಗ ಅತ್ತುಬಿಟ್ಟೆ ಎಂದು ಇಬ್ಬರು ನನಗೆ ಹೇಳಿದ್ದಾರೆ. ಆ ಗುಂಪು ಉಳಿಯಬೇಕು ಎಂದು ನನಗೂ ಬಲವಾಗಿ ಅನ್ನಿಸಿದ್ದು ಅದನ್ನು ಕೇಳಿಯೇ.

ಮೊದಲ ಬಿರುಕು

ಹಿರಿಯ ಅಡ್ಮಿನ್ ಮುಲುಂಡಿನವರು, ನಲವತ್ತು ದಾಟಿದವರು, ತಮ್ಮನ್ನು ತೋಳ ಎಂದು ತಿಳಿದವರು. 2000ದ ದಶಕದ ಇಂಗ್ಲಿಷ್ ಫೋರಂಗಳಲ್ಲಿ ಪಳಗಿದವರು. ಅಲ್ಲಿ ಹೊಸಬರನ್ನು ಸಾಲು ಸಾಲು ಪ್ರಶ್ನೆ ಕೇಳಿ ಪರೀಕ್ಷಿಸುವ ರೂಢಿ ಇತ್ತು. ಅದಕ್ಕೆ ಗ್ರಿಲಿಂಗ್ ಎಂದೇ ಹೆಸರು. ಯಾವಾಗಿನಿಂದ ಹೀಗನ್ನಿಸುತ್ತಿದೆ? ಬೇರೆ ಪ್ರಾಣಿ ಯಾಕಲ್ಲ? ಸುಮ್ನೆ ಇಷ್ಟವಾದ ಪ್ರಾಣಿಯನ್ನು ಹೇಳುತ್ತಿಲ್ಲ ಎಂಬುದಕ್ಕೆ ಏನು ಆಧಾರ?

ಅವರು ಕೆಟ್ಟವರಲ್ಲ. ಆ ಕಾಲದಲ್ಲಿ ದೇಹವೇ ಬದಲಾಗುತ್ತದೆ ಎಂದು ಹೇಳಿ ಹುಡುಗರನ್ನು ಹಿಂದೆ ಹಾಕಿಕೊಳ್ಳುವವರು ಇದ್ದರು. ಅಂಥ ಒಬ್ಬ ‘ಪಡೆಯ ನಾಯಕ’ನನ್ನು ನಂಬಿ ಇವರೂ ದುಡ್ಡು ಕಳೆದುಕೊಂಡಿದ್ದರು. ಪ್ರಶ್ನೆ ಕೇಳುವುದು ಅವರ ಪಾಲಿಗೆ ಕಾವಲು.

ನವಿ ಮುಂಬಯಿಯ ಒಬ್ಬ ಕಾಲೇಜು ಹುಡುಗ ಗುಂಪಿಗೆ ಬಂದ. ಹತ್ತೊಂಬತ್ತು ವರ್ಷ. ತನ್ನನ್ನು ನರಿ ಎಂದುಕೊಂಡವನು. ಕೈಕಾಲು ನಾಲ್ಕನ್ನೂ ಊರಿ ಓಡುವ, ಹಾರುವ ಕ್ವಾಡ್ರೋಬಿಕ್ಸ್ ವಿಡಿಯೋ ಹಾಕುತ್ತಿದ್ದ. ‘ಇದು ರೀಲ್ಸ್ ನೋಡಿ ಕಲಿತ ಆಟ’ ಎಂದು ಹಿರಿಯ ಅಡ್ಮಿನ್ ಹೇಳಿದರು. ಹುಡುಗನೂ ಬಿಡಲಿಲ್ಲ. ಜಪಾನಿನ ಕೆನಿಚಿ ಇಟೊ 2015ರಲ್ಲಿ ಕೈಕಾಲೂರಿ 100 ಮೀಟರನ್ನು 15.71 ಸೆಕೆಂಡಿನಲ್ಲಿ ಓಡಿ ಗಿನ್ನೆಸ್ ದಾಖಲೆ ಮಾಡಿದ್ದನ್ನು ತೋರಿಸಿದ. ಈ ಓಟ ಬೇರೆ, ನನ್ನ ಗುರುತು ಬೇರೆ, ಎರಡನ್ನೂ ಬೆರೆಸುತ್ತಿರುವವರು ನೀವು ಎಂದ. ಒಳ್ಳೆಯ ವಾದ ಅದು. ಆದರೆ ಒಂದು ರಾತ್ರಿ ಐದಾರು ಜನ ಸೇರಿ ಅವನನ್ನು ಎರಡು ಗಂಟೆಯವರೆಗೂ ಪ್ರಶ್ನಿಸಿದರು. ಬೆಳಿಗ್ಗೆ ಅವನು ಗುಂಪು ಬಿಟ್ಟಿದ್ದ.

ಎರಡನೇ ಅಡ್ಮಿನ್ ಡೊಂಬಿವ್ಲಿಯ ಮಹಿಳೆ, ಆಸ್ಪತ್ರೆಯಲ್ಲಿ ನರ್ಸ್. ಚಿರತೆ ಅವರ ಪ್ರಾಣಿ. ಅವತ್ತು ಅವರಿಗೆ ನೈಟ್ ಡ್ಯೂಟಿ ಇತ್ತು. ಬೆಳಿಗ್ಗೆ ಎಲ್ಲ ಓದಿ ಸಿಟ್ಟಾದರು. ಹಾಗೆ ಶುರುವಾಯಿತು.

ಅವರೇ ಮಾಡಿ ನೋಡಿದ್ದು

ಹಿರಿಯ ಅಡ್ಮಿನ್ ಒಂದು ಪೋಲ್ ಹಾಕಿದರು: ‘ಇದು ಆತ್ಮದ್ದೋ, ಮನಸ್ಸಿನದ್ದೋ?’ ಒಮ್ಮೆ ತೀರ್ಮಾನವಾದರೆ ಯಾರನ್ನು ಹೇಗೆ ಒಳಗೆ ಬಿಡಬೇಕು ಎಂಬುದೂ ತಾನಾಗಿ ತೀರ್ಮಾನವಾಗುತ್ತದೆ ಎಂಬುದು ಅವರ ಲೆಕ್ಕ. ಪೋಲ್‌ನಲ್ಲಿ ಯಾರು ಯಾವುದಕ್ಕೆ ಓಟು ಹಾಕಿದರು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅದುವರೆಗೆ ಆ ಪ್ರಶ್ನೆಯ ಬಗ್ಗೆ ತಲೆಯೇ ಕೆಡಿಸಿಕೊಳ್ಳದವರಿಗೂ ಈಗ ಒಂದು ಪಕ್ಷ ಸಿಕ್ಕಿತು. ಆತ್ಮದವರು ಗೆದ್ದರು. ಸೋತವರಿಗೆ ಇನ್ನು ಮುಂದೆ ತಾವು ಎರಡನೇ ದರ್ಜೆಯವರು ಅನ್ನಿಸಿತು. ಮೂವತ್ತು ವರ್ಷದಿಂದ ಜಗತ್ತಿನಲ್ಲಿ ಯಾರೂ ತೀರ್ಮಾನಿಸದ ವಿಷಯವನ್ನು ಒಂದು ಭಾನುವಾರದ ಓಟಿನಲ್ಲಿ ತೀರ್ಮಾನಿಸಲು ಹೊರಟರೆ ಇನ್ನೇನಾಗುತ್ತದೆ?

ಆಮೇಲೆ ಎರಡನೇ ಅಡ್ಮಿನ್ ಒಂದು ನಿಯಮ ತಂದರು. ಒಂದೇ ವಾಕ್ಯ: ‘ಯಾರ ಗುರುತನ್ನೂ ಯಾರೂ ಪ್ರಶ್ನಿಸಬಾರದು.’ ಪ್ರಶ್ನಿಸುವ ಸಂದೇಶವನ್ನು ಅಳಿಸಲಾಗುತ್ತದೆ. ಆ ಹುಡುಗನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂಬುದೊಂದೇ ಅವರ ಮನಸ್ಸಿನಲ್ಲಿತ್ತು. ಹಿರಿಯ ಅಡ್ಮಿನ್ ಒಲ್ಲದ ಮನಸ್ಸಿನಿಂದ ಒಪ್ಪಿದರು. ಕೆಲವು ತಿಂಗಳು ಗುಂಪು ಶಾಂತವಾಗಿತ್ತು. ಈ ಶಾಂತಿಯನ್ನು ನೋಡಿ ಸಮಸ್ಯೆ ಮುಗಿಯಿತು ಎಂದುಕೊಂಡರು. ಹಳೆಯ ಸಂದೇಶಗಳನ್ನು ನಾನು ಓದಿದಾಗ ಬೇರೆಯೇ ಕಂಡಿತು. ಆ ತಿಂಗಳುಗಳಲ್ಲಿ ಯಾರೂ ಯಾರಿಗೂ ಏನನ್ನೂ ಕೇಳಿಲ್ಲ. ಹೊಸಬರೊಬ್ಬರು ತಮ್ಮ ಅನುಭವ ಬರೆದರೆ ಕೆಳಗೆ ಹತ್ತು ಹೃದಯ, ಅಷ್ಟೇ. ಕುತೂಹಲದ ಪ್ರಶ್ನೆಗೂ ಜನ ಹೆದರುತ್ತಿದ್ದರು.

ಪಂಜುರ್ಲಿಯ ಮಾತು

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಒಬ್ಬ ಎಂಜಿನಿಯರ್ ಗುಂಪಿನಲ್ಲಿದ್ದರು. ಕಾಡುಹಂದಿ ಅವರ ಪ್ರಾಣಿ. ಊರಲ್ಲಿ ಅವರದ್ದು ಗುತ್ತಿನ ಮನೆತನ, ಅಂದರೆ ಊರಿನ ಯಜಮಾನಿಕೆಯ ಮನೆ. ವರ್ಷಾವಧಿ ನೇಮ, ಅಂದರೆ ಕೋಲ, ನಡೆಸಿಕೊಡುವ ಮನೆ. ಕೋಲಗಳ ಋತು ಮುಗಿಯುವ ಪತ್ತನಾಜೆಗೆ ಮುಂಚೆ, ನೇಮಕ್ಕೆಂದು ಊರಿಗೆ ಹೋಗಿ ಬಂದವರು ಒಂದು ರಾತ್ರಿ ಉದ್ದಕ್ಕೆ ಬರೆದರು. ಕೋಲ ನೋಡುವಾಗ ತಮಗೆ ಜೋರಾಗಿ ಶಿಫ್ಟ್ ಆಯಿತು. ಮೈಯೆಲ್ಲ ನಡುಗಿತು. ಇಷ್ಟು ವರ್ಷ ತಾನು ಕಾಡುಹಂದಿ ಎಂದುಕೊಂಡಿದ್ದು ಅರ್ಧ ಸತ್ಯ. ‘ನಾನು ಪಂಜುರ್ಲಿ. ನನ್ನೊಳಗೆ ಇರುವುದು ಪಂಜುರ್ಲಿಯೇ’ ಎಂದು ಮುಗಿಸಿದ್ದರು. ಕೆಳಗೆ ವರಾಹ ಅವತಾರದ ಒಂದು ಚಿತ್ರ.

ತುಳುನಾಡಿನವರಲ್ಲದವರಿಗಾಗಿ ಇಲ್ಲಿ ಸ್ವಲ್ಪ ಹೇಳಬೇಕು. ಪಂಜುರ್ಲಿ ಹಂದಿಯ ರೂಪದ ದೈವ. ಈಶ್ವರನ ತೋಟದಲ್ಲಿ ಬೆಳೆದ ಹಂದಿಮರಿ, ತೋಟ ಹಾಳು ಮಾಡಿ ಈಶ್ವರನ ಕೋಪಕ್ಕೆ ತುತ್ತಾಗಿ, ಆಮೇಲೆ ಭೂಮಿಗೆ ಇಳಿದು ದೈವವಾದ ಕಥೆ ಪಾಡ್ದನ ಎಂಬ ತುಳು ಹಾಡುಗಳಲ್ಲಿದೆ. ಕೋಲದಲ್ಲಿ ದೈವ ಮೈಮೇಲೆ ಬರುವುದು ಪಂಬದ, ಪರವ, ನಲಿಕೆಯಂಥ ಸಮುದಾಯಗಳ ಪಾತ್ರಧಾರಿಗಳಿಗೆ. ಅದು ತಲೆಮಾರುಗಳಿಂದ ಬಂದ ಹೊಣೆ. ಎಣ್ಣೆಬೂಳ್ಯ, ಅಂದರೆ ಎಣ್ಣೆ ಮತ್ತು ವೀಳ್ಯ, ಪಡೆಯಬೇಕು, ವ್ರತ ಹಿಡಿಯಬೇಕು. ಮುಖಕ್ಕೆ ಅರದಾಳದ ಹಳದಿ ಬಣ್ಣ ಬಳಿದು, ತೆಂಗಿನ ಎಳೆಗರಿಯ ಸಿರಿ ಉಟ್ಟು, ಬೆನ್ನಿಗೆ ಅಣಿ ಎಂಬ ದೊಡ್ಡ ಚೌಕಟ್ಟು ಕಟ್ಟಿ, ಕಾಲಿಗೆ ಗಗ್ಗರ ಎಂಬ ಭಾರದ ಗೆಜ್ಜೆ ತೊಡಬೇಕು. ಹೆಂಗಸರು ತೆಂಬರೆ ಎಂಬ ಚರ್ಮವಾದ್ಯ ಬಡಿದು ಪಾಡ್ದನ ಹೇಳುತ್ತಾರೆ. ದೈವ ಬಂದಾಗ ಊರಿನ ಯಜಮಾನನೂ ಕೈಮುಗಿದು ನಿಲ್ಲುತ್ತಾನೆ. ಊರಿನ ವ್ಯಾಜ್ಯಗಳಿಗೆ ದೈವದ ನುಡಿಯೇ ತೀರ್ಪು. ದೈವ ಬರುವುದು ಊರಿಗಾಗಿ, ಆ ಒಬ್ಬ ಮನುಷ್ಯನಿಗಾಗಿ ಅಲ್ಲ. ಕೋಲ ಮುಗಿದರೆ ದೈವ ಹೋಗುತ್ತದೆ.

ಗುಂಪಿನಲ್ಲಿ ಭಾಂಡುಪಿನ ಒಬ್ಬ ಯುವತಿ ಇದ್ದಳು. ಮುಂಗುಸಿ ಅವಳ ಪ್ರಾಣಿ. ಜಾಸ್ತಿ ಮಾತಾಡುವವಳಲ್ಲ. ಅವಳ ತಾಯಿಯ ಮನೆಯವರು ಈ ಸಮುದಾಯಗಳಲ್ಲಿ ಒಂದಕ್ಕೆ ಸೇರಿದವರು. ಗುಂಪಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಅವಳು ಬರೆದಳು: ‘ನನ್ನ ಮಾವ ಗಗ್ಗರ ಕಟ್ಟುವವರು. ಅವರು ಒಂದು ದಿನವೂ ನಾನು ಪಂಜುರ್ಲಿ ಅಂದಿಲ್ಲ. ಅಂದರೆ ನಾಲಿಗೆ ಬಿದ್ದುಹೋಗುತ್ತದೆ ಅನ್ನುತ್ತಾರೆ. ನೀವು ಹೇಗೆ ಅಂದಿರಿ?’

ಹಿರಿಯ ಅಡ್ಮಿನ್ ಆ ಸಂದೇಶವನ್ನು ಅಳಿಸಿದರು. ಕಾರಣ ಬರೆದರು: ನಿಯಮ ಉಲ್ಲಂಘನೆ, ಗುರುತಿನ ಪ್ರಶ್ನೆ. ಎರಡನೇ ಅಡ್ಮಿನ್ ಫೋನ್ ಮಾಡಿ ಕೇಳಿದರೆ, ‘ನಿಯಮ ನೀವೇ ಮಾಡಿದ್ದಲ್ವಾ?’ ಎಂದರು. ಅದರಲ್ಲಿ ಹಳೆಯ ಸಿಟ್ಟು ಇತ್ತು ಎಂದು ಆಮೇಲೆ ಅವರೇ ಒಪ್ಪಿದ್ದಾರೆ. ಆದರೆ ನಿಯಮದ ಅಕ್ಷರ ಅವರ ಪರವಾಗಿಯೇ ಇತ್ತು.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಒಬ್ಬ ಬಡಪಾಯಿ ಹೊಸಬನನ್ನು ಕಾಪಾಡಲು ಮಾಡಿದ ನಿಯಮ, ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಬಲ ಇದ್ದವಳ ಬಾಯಿ ಮುಚ್ಚಿಸಿತು. ಗುತ್ತಿನ ಮನೆಯವರ ಅನುಭವ ಉಳಿಯಿತು, ದೈವ ಕಟ್ಟುವವರ ಮನೆಯ ಮಾತು ಅಳಿಯಿತು. ಜಾತಿಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ, ಓದಿದ ತುಳುವರಿಗೆಲ್ಲ ಅರ್ಥವಾಗಿತ್ತು. ಮುಂದಿನ ಎರಡು ದಿನದಲ್ಲಿ ಜನ ಒಬ್ಬೊಬ್ಬರಾಗಿ ಹೊರಗೆ ಹೋದರು. ಕೆಲವರು ಅವಳ ಪರ, ಕೆಲವರು ಎಂಜಿನಿಯರ್ ಪರ, ಕೆಲವರಿಗೆ ಸಾಕಾಗಿಹೋಗಿತ್ತು. ಅವಳೂ ಹೋದಳು.

ನಾವು ಮಾಡಿದ್ದು

ಎರಡನೇ ಅಡ್ಮಿನ್ ನನ್ನನ್ನು ಕರೆದಾಗ ಅವರ ಮೊದಲ ಬೇಡಿಕೆ, ಹೊಸ ನಿಯಮ ಬರೆದುಕೊಡಿ ಎಂಬುದು. ಅದನ್ನು ತಡೆಹಿಡಿದೆವು. ಗುಂಪಿನಲ್ಲಿ ಸಂದೇಶ ಹಾಕುವುದನ್ನು ಕೆಲಕಾಲ ಎಲ್ಲರಿಗೂ ನಿಲ್ಲಿಸಿ, ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡಿದೆ.

ಎಂಜಿನಿಯರ್ ಜೊತೆ ಮೊದಲು ಮಾತಾಡಿದ್ದು ನಾನಲ್ಲ, ಎರಡನೇ ಅಡ್ಮಿನ್. ಅವರು ಪಂಜುರ್ಲಿಯ ವಿಷಯ ಎತ್ತಲೇ ಇಲ್ಲ. ನಿದ್ದೆ ಹೇಗಿದೆ, ಊಟ ಮಾಡುತ್ತಿದ್ದೀರಾ, ಯಾರಾದರೂ ಜೊತೆಗಿದ್ದಾರಾ ಎಂದು ಕೇಳಿದರು. ಊರಿಂದ ಬಂದ ಮೇಲೆ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕೆಲಸದಲ್ಲೂ ವಿಪರೀತ ಒತ್ತಡ. ನರ್ಸ್ ಆದವರ ಕಣ್ಣು ಅಲ್ಲಿ ಕೆಲಸ ಮಾಡಿತು. ಅವರ ಮಾತಿಗೆ ಎಂಜಿನಿಯರ್ ವೈದ್ಯರನ್ನು ಕಂಡರು. ನಿದ್ದೆ ಸರಿಯಾಯಿತು, ನಡುಕ ನಿಂತಿತು. ಕಾಡುಹಂದಿಯ ಅನ್ನಿಸಿಕೆ ಹಾಗೇ ಇತ್ತು. ಇಂಥ ಗುಂಪು ನಡೆಸುವವರು ಇದನ್ನು ಗಮನಿಸಬೇಕು ಎಂದು ನನ್ನ ಆಸೆ. ಒಬ್ಬರ ಗುರುತು ನಿಜವೋ ಸುಳ್ಳೋ ಎಂಬ ಪ್ರಶ್ನೆಗೂ, ಅವರು ಕಷ್ಟದಲ್ಲಿದ್ದಾರೋ ಇಲ್ಲವೋ ಎಂಬ ಪ್ರಶ್ನೆಗೂ ಸಂಬಂಧ ಇಲ್ಲ. ಎರಡನೆಯದನ್ನು ಕೇಳಲು ಮೊದಲನೆಯದು ತೀರ್ಮಾನವಾಗುವವರೆಗೆ ಕಾಯಬೇಕಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಆ ಸಂಖ್ಯೆ ಈಗ ಗುಂಪಿನಲ್ಲಿ ಎಲ್ಲಕ್ಕಿಂತ ಮೇಲೆ ಪಿನ್ ಆಗಿದೆ.

ಭಾಂಡುಪಿನ ಯುವತಿ ಮಾತಿಗೆ ಒಪ್ಪಲು ಸಮಯ ತೆಗೆದುಕೊಂಡಳು. ಒಪ್ಪಿದಾಗ ಒಂದು ಷರತ್ತು ಹಾಕಿದಳು: ಎಲ್ಲರ ಎದುರು, ಮುಖ ನೋಡಿ ಮಾತಾಡುತ್ತೇನೆ, ಸ್ಕ್ರೀನಿನಲ್ಲಿ ಅಲ್ಲ.

ಹಾಗೆ ಮೊದಲ ಹೌಲ್ ನಿಕ್ಕಿಯಾಯಿತು. ಕೆಲವರಿಗೆ ಮುಂಬಯಿಯ ಆರೆ ಕಾಲೊನಿಯ ಹಸಿರಿನಲ್ಲಿ ಸಂಜೆ ಸೇರುವ ಆಸೆ. ಪಕ್ಕದಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, 100 ಚದರ ಕಿಲೋಮೀಟರಿಗೂ ದೊಡ್ಡ ಕಾಡು, ನಿಜವಾದ ಚಿರತೆಗಳಿರುವ ಜಾಗ. ಚಿರತೆಯ ಅಡ್ಮಿನ್ ಖಡಾಖಂಡಿತವಾಗಿ ಬೇಡ ಎಂದರು. 2021, 2022ರಲ್ಲಿ ಆರೆಯಲ್ಲಿ ಚಿರತೆ ದಾಳಿಗಳಾಗಿದ್ದವು, ಒಂದು ಪುಟ್ಟ ಮಗು ಸತ್ತಿತ್ತು. ಅಲ್ಲಿನ ವಾರಲಿ ಆದಿವಾಸಿಗಳು ಹುಲಿ, ಚಿರತೆಯ ದೇವರಾದ ವಾಘೋಬಾನನ್ನು ಪೂಜಿಸುತ್ತಾರೆ, ಚಿರತೆಯ ಜೊತೆ ಬದುಕುವ ರೀತಿ ಅವರಿಗೆ ಗೊತ್ತು. ನಾವು ನಮ್ಮ ಮನಸ್ಸಿನ ಸಮಾಧಾನಕ್ಕೆ ಕತ್ತಲಲ್ಲಿ ಅಲ್ಲಿಗೆ ಹೋಗಿ ಅವರಿಗೂ ಪ್ರಾಣಿಗೂ ತೊಂದರೆ ಕೊಡುವುದು ಬೇಡ ಎಂದರು. ಆ ಮಾತು ಮುಂದೆ ಆಗಬೇಕಿದ್ದ ದೊಡ್ಡ ಮಾತಿಗೆ ದಾರಿ ಮಾಡಿಕೊಟ್ಟಿತು ಎಂದು ನಾನು ನಂಬಿದ್ದೇನೆ. ಕೊನೆಗೆ ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ಹಗಲು ಹೊತ್ತಿನಲ್ಲಿ ಸೇರಿದೆವು. ಹತ್ತು ಹನ್ನೆರಡು ಜನ ಬಂದಿದ್ದರು. ಪುಣೆಯಿಂದ ಎಂಜಿನಿಯರ್ ಕೂಡ.

ಮಾಟುಂಗದಲ್ಲಿ

ನಾನು ಇಟ್ಟದ್ದು ಒಂದೇ ಕ್ರಮ. ಒಬ್ಬರು ಮಾತಾಡುವಾಗ ಉಳಿದವರು ಉತ್ತರ ಕೊಡಬಾರದು, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದವರು ‘ಹೌದು, ಇದೇ’ ಅನ್ನುವವರೆಗೆ ಮುಂದೆ ಹೋಗುವಂತಿಲ್ಲ.

ಎಂಜಿನಿಯರ್ ಮೊದಲು ಮಾತಾಡಿದರು. ಚಿಕ್ಕಂದಿನಲ್ಲಿ ನೇಮದ ರಾತ್ರಿ ಅಜ್ಜನ ಪಕ್ಕ ಕೂತು ನೋಡಿದ್ದು, ಆಗಲೇ ಏನೋ ತನ್ನದೇ ಅನ್ನಿಸಿದ್ದು. ಮುಂಬಯಿ, ಪುಣೆಯಲ್ಲಿ ಬೆಳೆದು ಊರು ಕೈಬಿಟ್ಟ ಹಾಗೆ ಆಗಿದ್ದು. ಪಂಜುರ್ಲಿ ಎಂದಾಗ ಊರೂ ಪ್ರಾಣಿಯೂ ಎರಡೂ ಒಟ್ಟಿಗೆ ಸಿಕ್ಕ ಹಾಗಾಯಿತು ಎಂದರು. ಯುವತಿ ಅದನ್ನು ತಿರುಗಿ ಹೇಳಿದಳು, ಒಂದಿಷ್ಟೂ ವ್ಯಂಗ್ಯ ಇಲ್ಲದೆ. ಅವರು ಹೌದು ಎಂದರು.

ಆಮೇಲೆ ಅವಳ ಸರದಿ. ಅವಳು ದೈವದ ಬಗ್ಗೆ ಜಾಸ್ತಿ ಹೇಳಲಿಲ್ಲ. ಮಾವನ ಬಗ್ಗೆ ಹೇಳಿದಳು. ರಾತ್ರಿಯಿಡೀ ಗಗ್ಗರದ ಭಾರ ಹೊತ್ತು ಕುಣಿದ ಕಾಲು ಹೇಗೆ ಬಾತುಕೊಳ್ಳುತ್ತದೆ. ಅರದಾಳ ತೊಳೆದ ಮೇಲೆ ಕಣ್ಣು ಹೇಗೆ ಉರಿಯುತ್ತದೆ. ರಾತ್ರಿ ಕೈಮುಗಿದು ನಿಂತಿದ್ದ ಯಜಮಾನರ ಮನೆಯಲ್ಲೇ ಬೆಳಿಗ್ಗೆ ಅವರಿಗೆ ಅಂಗಳದ ಆಚೆ ಎಲೆ ಹಾಕುತ್ತಿದ್ದರು. ಅವಳು ಸಣ್ಣವಳಿದ್ದಾಗ ಅದನ್ನು ಕಣ್ಣಾರೆ ಕಂಡಿದ್ದಳು. ‘ಅಷ್ಟೆಲ್ಲ ಕೊಟ್ಟವರು ನಾನೇ ದೈವ ಅನ್ನುವುದಿಲ್ಲ. ಏನೂ ಕೊಡದೆ ನೀವು ಅಂದಿರಿ. ನಿಮಗೆ ಏನನ್ನಿಸುತ್ತದೆ ಅನ್ನುವುದನ್ನು ನಾನು ಪ್ರಶ್ನೆ ಮಾಡಲಿಲ್ಲ. ನಮ್ಮದನ್ನು ತೆಗೆದುಕೊಂಡಿರಿ, ಅದನ್ನು ಕೇಳಿದೆ.’

ಇದನ್ನು ತಿರುಗಿ ಹೇಳುವಾಗ ಎಂಜಿನಿಯರ್ ಎರಡು ಸಲ ನಿಂತರು. ಎಲೆಯ ಮಾತು ಬಿಟ್ಟು ಹೇಳಿದರು. ಅವಳು ‘ಇಲ್ಲ’ ಎಂದಳು. ಮತ್ತೆ ಹೇಳಿದರು, ಈ ಸಲ ಎಲೆಯ ಮಾತೂ ಸೇರಿತ್ತು. ಅವಳು ಹೌದು ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು: ‘ಹಾಗಾದರೆ ನನಗೆ ಆಗುತ್ತಿರುವುದಕ್ಕೆ ಏನನ್ನಲಿ?’

‘ಕಾಡುಹಂದಿ ಅನ್ನಿ. ಸಾಲದಾ?’

ಇದು ಅವಮಾನದ ಮಾತಾಗಬಹುದಿತ್ತು. ಅವಳು ಹೇಳಿದ ರೀತಿಯಲ್ಲಿ ಹಾಗಿರಲಿಲ್ಲ. ಪ್ರಾಣಿಯಾಗಿರುವುದು ದೈವವಾಗಿರುವುದಕ್ಕಿಂತ ಕಡಿಮೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಅವಳ ಪ್ರಾಣಿ ಮುಂಗುಸಿ. ಅದಕ್ಕೆ ಕೋಲವೂ ಇಲ್ಲ, ಗುಡಿಯೂ ಇಲ್ಲ.

ಅಲ್ಲಿದ್ದ ಹುಲಿವೇಷದ ಕುಣಿತಗಾರರೊಬ್ಬರು ಆಗ ಬಾಯಿಬಿಟ್ಟರು. ಬಣ್ಣ ಹಚ್ಚಿದಾಗ ನಾನು ಹುಲಿ ಕುಣಿಯುತ್ತೇನೆ, ಬಣ್ಣ ತೆಗೆದ ಮೇಲೂ ನನ್ನೊಳಗೆ ಇರುವುದು ಗೂಬೆ, ಎರಡೂ ಬೇರೆ ಎಂದರು. ಅದಾದ ಮೇಲೆ ಮಾತು ಸಲೀಸಾಯಿತು. ಇಂಗ್ಲಿಷ್ ಮಾತಾಡುವ ಥೇರಿಯನ್ನರಲ್ಲೂ ಇಂಥದೇ ಜಗಳ ಹಿಂದೆ ನಡೆದಿದೆ ಎಂದು ಹಿರಿಯ ಅಡ್ಮಿನ್ ನೆನಪು ಮಾಡಿದರು. ಅಮೆರಿಕದ ಮೂಲನಿವಾಸಿಗಳ ಟೋಟೆಮ್, ಸ್ಪಿರಿಟ್ ಅನಿಮಲ್ ಮಾತುಗಳನ್ನು ಹೊರಗಿನವರು ಸುಮ್ನೆ ಎತ್ತಿಕೊಂಡು ಬಳಸಿದಾಗ ಆ ಜನ ಬೇಸರಪಟ್ಟು ಎದುರಾಡಿದ್ದರು. ‘ಆಗ ನಾನು ಅವರ ಪರವಾಗಿ ಬರೆದಿದ್ದೆ. ನಮ್ಮ ಊರಿನದು ಬಂದಾಗ ಗೊತ್ತಾಗಲಿಲ್ಲ’ ಎಂದರು. ಅವರಿಗೆ ಅದನ್ನು ಹೇಳುವುದು ಸುಲಭವಾಗಿರಲಿಲ್ಲ.

ಹೊಸ ಒಪ್ಪಂದ

ಒಂದೇ ವಾಕ್ಯದ ನಿಯಮ ಹೋಯಿತು. ಅದರ ಜಾಗದಲ್ಲಿ ಸದಸ್ಯರೇ ಮಾತಾಡಿ ಮೂರು ಬಗೆಯ ಮಾತನ್ನು ಬೇರೆ ಮಾಡಿದರು. ‘ನನಗೆ ಹೀಗನ್ನಿಸುತ್ತದೆ’ ಎಂಬ ಮಾತಿಗೆ ಯಾರೂ ಸಾಕ್ಷಿ ಕೇಳುವಂತಿಲ್ಲ. ಕುತೂಹಲದಿಂದ ಕೇಳಬಹುದು, ಬೇಡ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ‘ಇದಕ್ಕೆ ಕಾರಣ ಹಿಂದಿನ ಜನ್ಮ’, ‘ಇದಕ್ಕೆ ಕಾರಣ ಮೆದುಳು’ ಎಂಬ ಮಾತನ್ನು ಎಷ್ಟು ಬೇಕಾದರೂ ಚರ್ಚಿಸಬಹುದು, ಆದರೆ ಓಟು ಇಲ್ಲ, ತೀರ್ಪು ಇಲ್ಲ. ದೈವ, ನಾಗ, ಒಂದು ಸಮುದಾಯದ ಆಚರಣೆ ಇಂಥವನ್ನು ತನ್ನದು ಎನ್ನುವ ಮಾತು ಬಂದರೆ ಅದು ಹೇಳಿದವರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಅದಕ್ಕೆ ಸಂಬಂಧಪಟ್ಟವರು ಉತ್ತರ ಕೊಟ್ಟರೆ ಯಾರೂ ಅಳಿಸುವಂತಿಲ್ಲ.

ಈ ಮೂರನೆಯದರ ಮೇಲೆ ಬಿಸಿಬಿಸಿ ಚರ್ಚೆಯಾಯಿತು. ಗಡಿ ಎಲ್ಲಿ? ಜಡಭರತನ ಹೆಸರು ಹೇಳಿದರೆ ಅದೂ ಬಂತಾ? ವರಾಹ? ಅದಕ್ಕೆ ಸಿಕ್ಕ ಉತ್ತರ ನನಗೆ ಸರಿ ಕಂಡಿತು. ಕಥೆಯನ್ನು ನೆನೆಯುವುದು ಬೇರೆ, ಇಂದು ಬದುಕಿರುವ ಜನ ಮೈಯೊಡ್ಡಿ ನಡೆಸುತ್ತಿರುವ ಆಚರಣೆಯಲ್ಲಿ ತಾನೇ ದೈವ ಎಂದು ಕೂರುವುದು ಬೇರೆ. ಎಲ್ಲರೂ ಇದನ್ನು ಒಪ್ಪಲಿಲ್ಲ. ನಂಬಿಕೆಯ ವಿಷಯದಲ್ಲಿ ಜಾತಿ ತರುತ್ತಿದ್ದೀರಿ ಎಂದು ಇಬ್ಬರು ಸಿಟ್ಟಾಗಿ ಎದ್ದುಹೋದರು. ಜಾತಿ ಅಲ್ಲಿ ಮೊದಲೇ ಇತ್ತು. ಅದನ್ನು ಗಟ್ಟಿಯಾಗಿ ಹೇಳಿದ್ದು ಮಾತ್ರ ಹೊಸದು ಎಂಬುದು ನನ್ನ ಅಭಿಪ್ರಾಯ.

ಆಮೇಲೆ

ಗುಂಪು ಒಂದಾಗಿ ಉಳಿಯಲಿಲ್ಲ. ಹಿರಿಯ ಅಡ್ಮಿನ್ ಪದವಿ ಬಿಟ್ಟು, ಹಳೆಯ ರೀತಿಯ ಕಟ್ಟುನಿಟ್ಟಿನ ಸಣ್ಣ ಗುಂಪೊಂದನ್ನು ಬೇರೆಯಾಗಿ ಶುರು ಮಾಡಿದರು. ಅಲ್ಲಿ ಸೇರುವ ಮೊದಲೇ ಪ್ರಶ್ನೆಗಳ ಪಟ್ಟಿ ಕೊಡುತ್ತಾರೆ. ಏನು ಕೇಳುತ್ತಾರೆ ಎಂದು ಮೊದಲೇ ಗೊತ್ತಿರುವುದರಿಂದ ಅದು ನಡುರಾತ್ರಿಯ ವಿಚಾರಣೆ ಆಗುವುದಿಲ್ಲ. ಈ ಒಡಕನ್ನು ಸೋಲು ಎಂದು ನಾನು ಎಣಿಸುವುದಿಲ್ಲ. ಪರೀಕ್ಷೆ ಬೇಕು ಎನ್ನುವವರಿಗೆ ಅದು ಸಿಗುವ ಜಾಗ ಇರಲಿ, ಬೇಡ ಎನ್ನುವವರ ಮೇಲೆ ಹೇರುವುದು ಬೇಡ, ಅಷ್ಟೇ. ಎರಡೂ ಗುಂಪುಗಳ ಅಡ್ಮಿನ್‌ಗಳು ಈಗಲೂ ಫೋನಿನಲ್ಲಿ ಮಾತಾಡುತ್ತಾರೆ. ಯಾರಾದರೂ ಕುಗ್ಗಿದ್ದಾರೆ ಎಂದು ಗೊತ್ತಾದರೆ ಒಬ್ಬರಿಗೊಬ್ಬರು ತಿಳಿಸುವ ಮಾತಾಗಿದೆ.

ಎಂಜಿನಿಯರ್ ಕೆಲವು ತಿಂಗಳು ಎರಡೂ ಕಡೆ ಕಾಣಿಸಲಿಲ್ಲ. ಆಮೇಲೆ ಹಳೆಯ ಗುಂಪಿಗೇ ಬಂದರು, ಕಾಡುಹಂದಿ ಎಂದೇ. ಊರಿನ ನೇಮದಲ್ಲಿ ಪಾತ್ರಧಾರಿಗಳಿಗೆ ಎಲೆ ಎಲ್ಲಿ ಹಾಕಬೇಕು ಎಂಬ ಬಗ್ಗೆ ಮನೆಯಲ್ಲಿ ಮಾತೆತ್ತಿದ್ದಾರಂತೆ. ದೊಡ್ಡಪ್ಪಂದಿರು ಒಪ್ಪಿಲ್ಲ. ಆ ಮಾತು ಇನ್ನೂ ನಡೆಯುತ್ತಿದೆ.

ಭಾಂಡುಪಿನ ಯುವತಿಯನ್ನು ಅಡ್ಮಿನ್ ಆಗಲು ಕೇಳಿದರು. ಅವಳು ಬೇಡ ಎಂದಳು. ದೈವದ ವಿಷಯ ಬಂದಾಗಲೆಲ್ಲ ತೀರ್ಪು ಕೊಡಲು ತನ್ನನ್ನು ಕರೆಯಬೇಡಿ, ಬೇಕೆನಿಸಿದಾಗ ತಾನೇ ಮಾತಾಡುತ್ತೇನೆ ಎಂದಳು. ಗುಂಪು ಒಪ್ಪಿತು.

ನರಿಯ ಹುಡುಗನಿಗೆ ಎರಡನೇ ಅಡ್ಮಿನ್ ಪತ್ರ ಬರೆದರು. ಆ ರಾತ್ರಿ ಪ್ರಶ್ನಿಸಿದವರಲ್ಲಿ ಮೂವರು ತಮ್ಮ ಹೆಸರು ಹಾಕಿ ಕ್ಷಮೆ ಕೇಳಿದರು. ಹಿರಿಯ ಅಡ್ಮಿನ್ ಬೇರೆಯಾಗಿ ಬರೆದರು. ಅವನು ಓದಿದ್ದಾನೆ, ಟೆಲಿಗ್ರಾಂ ಅದನ್ನು ತೋರಿಸುತ್ತದೆ. ಉತ್ತರ ಬಂದಿಲ್ಲ. ಮತ್ತೆ ಬರೆಯಬಾರದು, ಬಾಗಿಲು ತೆರೆದಿದೆ ಎಂದು ಒಮ್ಮೆ ಹೇಳಿದ್ದೇ ಸಾಕು ಎಂದು ಗುಂಪು ತೀರ್ಮಾನಿಸಿದೆ.